ಅರ್ಧ ಅಡಿ ತಂತಿಯ ಜಾಣತನ

ಕಳೆದ ವಾರ ನಮ್ಮ ಕಾಲೇಜಿನ ಹಳೇ ಹುಡುಗರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ಯಾವುದೋ ಹಿಮ ಬೀಳುವ ದೇಶ. ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಬಿಸಿನೀರಿನ ಪ್ರೆಶರ್ ವಾಷರ್. ಅದರ ಗನ್ನು ಕಿತ್ತುಹಾಕಿ, ಆ ಜಾಗಕ್ಕೆ ಉದ್ದನೆಯ ಕಬ್ಬಿಣದ ಪೈಪು ಜೋಡಿಸಿ, ರಸ್ತೆಯಡಿಯ ಮೋರಿಯಲ್ಲಿ ಕಟ್ಟಿಕೊಂಡ ಐಸಿಗೆ ಒಬ್ಬ ಮನುಷ್ಯ ಬುಸುಬುಸು ಉಗಿ ಬಿಡುತ್ತಿದ್ದಾನೆ. ಕೆಳಗೆ ಬರಹ: ‘ಲಕ್ಷಗಟ್ಟಲೆ ಕೊಟ್ಟು ಸ್ಟೀಮ್ ಮಷೀನ್ ಯಾಕೆ? ತಲೆ ಇದ್ದರೆ ಸಾಕು!’ ಅದಕ್ಕೆ ನಲವತ್ತು ಜನ ಬೆಂಕಿಯ ಚಿತ್ರ, ಚಪ್ಪಾಳೆಯ ಚಿತ್ರ ಒತ್ತಿದ್ದರು. ‘ಜುಗಾಡ್ ಅಂದ್ರೆ ಇದು ಗುರು’ ಅಂತ ಒಬ್ಬ. ‘ನಮ್ಮೋರು ಯಾರೋ ಇರ್ಬೇಕು’ ಅಂತ ಇನ್ನೊಬ್ಬ. ಆಮೇಲೆ ಒಬ್ಬ ಮಹಾನುಭಾವ ನನ್ನ ಹೆಸರು ಹಿಡಿದು ಕೇಳಿದ: ‘ನೀನು ಕೆನಡಾದಲ್ಲೇ ಇದೀಯಲ್ಲ, ಇಂಥದ್ದೊಂದು ಮಾಡೋಕೆ ಡ್ರಾಯಿಂಗ್ ಹಾಕಿಕೊಡೋ. ನನ್ನ ಭಾಮೈದ ಕ್ಯಾಲ್ಗರಿಗೆ ಬಂದಿದಾನೆ, ಸೈಡ್ ಬಿಸಿನೆಸ್ ಮಾಡ್ತಾನಂತೆ.’

ಗುಂಪಿನಲ್ಲಿ ನಾನು ಉತ್ತರ ಕೊಡಲಿಲ್ಲ. ಅಲ್ಲಿ ಎರಡು ಸಾಲು ಬರೆದರೆ ‘ಇವನಿಗೆ ಹೊಟ್ಟೆಕಿಚ್ಚು’ ಅನ್ನುತ್ತಾರೆ. ಉದ್ದವಾಗಿಯೇ ಬರೆಯಬೇಕು. ಯಾಕೆಂದರೆ ಆ ಡ್ರಾಯಿಂಗ್ ನನ್ನ ಹತ್ತಿರ ಇತ್ತು. ನಾನೇ ಹಾಕಿದ್ದು. ಆ ಮಷೀನನ್ನೂ ನಾನೇ ಮಾಡಿದ್ದೆ. ಅದರಿಂದ ಸುಟ್ಟುಹೋದದ್ದು ಮಾತ್ರ ನಾನಲ್ಲ, ಬೇರೆಯವನು.

ಹಿಮದ ನಾಡು ನೋಡದವರಿಗೆ ಮೊದಲು ಸಮಸ್ಯೆ ಏನು ಅಂತ ಹೇಳಬೇಕು. ನಾನಿರುವುದು ಆಲ್ಬರ್ಟಾ ಪ್ರಾಂತ್ಯದ ಉತ್ತರ ಭಾಗದಲ್ಲಿ. ಚಳಿಗಾಲದಲ್ಲಿ ಮೈನಸ್ 30 ಇಲ್ಲಿ ಸುದ್ದಿಯಲ್ಲ, ಮೈನಸ್ 40 ಬಂದರೆ ಮಾತ್ರ ಜನ ಆ ಬಗ್ಗೆ ಮಾತಾಡುತ್ತಾರೆ. ಮಾರ್ಚ್ ಕೊನೆಗೆ ಬಿಸಿಲು ಬಂದು ಹೊಲದ ಮೇಲಿನ ಹಿಮ ಕರಗಲು ಶುರುವಾಗುತ್ತದೆ. ಆದರೆ ರಸ್ತೆಯಡಿಯ ಮೋರಿ ಪೈಪಿನೊಳಗೆ ಬಿಸಿಲು ಹೋಗುವುದಿಲ್ಲ. ಅಲ್ಲಿ ಐದು ತಿಂಗಳ ಐಸು ಕಲ್ಲಿನ ಹಾಗೆ ಕೂತಿರುತ್ತದೆ. ಹಗಲು ಕರಗಿ ಬಂದ ನೀರು ಅಲ್ಲಿ ನಿಂತು ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಒಂದು ವಾರ ಬಿಟ್ಟರೆ ನೀರು ರಸ್ತೆ ಹತ್ತುತ್ತದೆ, ಇಲ್ಲವೇ ಪಕ್ಕದ ಮನೆಯ ನೆಲಮಾಳಿಗೆಗೆ ಇಳಿಯುತ್ತದೆ. ಇನ್ನು ಮನೆಗಳ ನೀರಿನ ಪೈಪು. 2014ರ ಚಳಿಗಾಲದಲ್ಲಿ ವಿನ್ನಿಪೆಗ್ ನಗರದಲ್ಲಿ ನೆಲ ಎರಡು ಮೀಟರಿಗೂ ಆಳಕ್ಕೆ ಹೆಪ್ಪುಗಟ್ಟಿ, ಸಾವಿರಕ್ಕೂ ಹೆಚ್ಚು ಮನೆಗಳಿಗೆ ನೀರೇ ಬರದೆ, ಪಕ್ಕದ ಮನೆಯಿಂದ ಹೋಸ್ ಎಳೆದುಕೊಂಡು ಜನ ವಾರಗಟ್ಟಲೆ ಕಾಲ ಹಾಕಿದ್ದರು. ಹಾಗಾಗಿ ಐಸು ಕರಗಿಸುವುದು ಇಲ್ಲಿ ಒಂದು ದೊಡ್ಡ ಧಂದೆ. ಅದಕ್ಕೆಂದೇ ಮಾಡಿದ ಸ್ಟೀಮರುಗಳಿವೆ, ದುಬಾರಿ. ಬಿಸಿನೀರಿನ ಪ್ರೆಶರ್ ವಾಷರ್ ಪ್ರತಿ ಗ್ಯಾರೇಜಿನಲ್ಲೂ ಇದೆ. ಜಾಣನ ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳಿ?

ಊರಲ್ಲಿ ಬೈಕಿಗೆ ‘ವಾಟರ್ ಸರ್ವಿಸ್’ ಮಾಡುವ ಪಂಪು ನೋಡಿದ್ದೀರಲ್ಲ, ಅದಕ್ಕೇ ಒಂದು ಡೀಸೆಲ್ ಒಲೆ ಸೇರಿಸಿ ಅಂದುಕೊಳ್ಳಿ. ಪಂಪು ತಳ್ಳಿದ ನೀರು ಸುರುಳಿ ಸುತ್ತಿದ ಉಕ್ಕಿನ ಪೈಪಿನೊಳಗೆ ಓಡುತ್ತದೆ. ಅದನ್ನು ಕಾಯಿಲ್ ಅನ್ನುತ್ತೇವೆ. ಕಾಯಿಲಿನ ಸುತ್ತ ಡೀಸೆಲ್ ಬರ್ನರಿನ ಬೆಂಕಿ. ನಿಮಿಷಕ್ಕೆ 15 ಲೀಟರ್ ನೀರು 5 ಡಿಗ್ರಿಯಲ್ಲಿ ಒಳಗೆ ಹೋಗಿ 90ರ ಆಸುಪಾಸಿನಲ್ಲಿ ಹೊರಗೆ ಬರುತ್ತದೆ. ಅದಕ್ಕೆ ಬರ್ನರ್ ಕೊಡುವ ಶಾಖ ಸುಮಾರು 92 ಕಿಲೋವ್ಯಾಟ್, ಗಂಟೆಗೆ ಹತ್ತು ಲೀಟರ್ ಡೀಸೆಲ್. ಇದನ್ನು ಕಾಯಲು ಮೂರು ಕಾವಲುಗಾರರಿರುತ್ತಾರೆ. ನೀರು ಹರಿಯದಿದ್ದರೆ ಬೆಂಕಿ ಆರಿಸುವ ಫ್ಲೋ ಸ್ವಿಚ್ಚು. ನೀರು ಮಿತಿಮೀರಿ ಕಾದರೆ ಬೆಂಕಿ ಆರಿಸುವ ಥರ್ಮೋಸ್ಟಾಟು. ಒತ್ತಡ ಮಿತಿಮೀರಿದರೆ ಬಿಚ್ಚಿಕೊಳ್ಳುವ ರಿಲೀಫ್ ವಾಲ್ವು. ಮಷೀನಿನ ಮಿಕ್ಕ ಭಾಗವೆಲ್ಲ ಕೆಲಸಕ್ಕೆ. ಈ ಮೂರು ಮಾತ್ರ ಮನುಷ್ಯನಿಗೆ.

ಜುಗಾಡ್ ಪಂಗಡದ ವಾದವನ್ನು ಪೂರ್ತಿ ನ್ಯಾಯವಾಗಿಯೇ ಹೇಳುತ್ತೇನೆ, ಯಾಕೆಂದರೆ ಒಂದು ಕಾಲಕ್ಕೆ ಅದು ನನ್ನದೇ ವಾದ. ಒಂದು ಕೆಜಿ ಐಸನ್ನು ನೀರು ಮಾಡಲು 334 ಕಿಲೋಜೂಲ್ ಬೇಕು. 90 ಡಿಗ್ರಿಯ ಒಂದು ಲೀಟರ್ ನೀರು ತನ್ನ ಶಾಖವನ್ನೆಲ್ಲ ಕೊಟ್ಟರೂ ಕರಗುವುದು ಸುಮಾರು ಒಂದು ಕೆಜಿ ಐಸು. ಅದೇ ಒಂದು ಲೀಟರ್ ನೀರನ್ನು ಉಗಿ ಮಾಡಿ ಕಳಿಸಿದರೆ ಅದು ಮತ್ತೆ ನೀರಾಗುವಾಗ ಬಿಡುವ 2257 ಕಿಲೋಜೂಲೂ ಸೇರಿ ಸುಮಾರು ಎಂಟು ಕೆಜಿ ಐಸು ಕರಗುತ್ತದೆ. ಟ್ರಕ್ಕಿನ ಮೇಲೆ ಒಂದು ಸಾವಿರ ಲೀಟರಿನ ಟ್ಯಾಂಕಿದ್ದರೆ ಬಿಸಿನೀರಿಗೆ ಒಂದು ತಾಸಿಗೆ ಖಾಲಿ. ಉಗಿಗೆ ಇಡೀ ದಿನ ಬರುತ್ತದೆ. ಜೊತೆಗೆ ರಸ್ತೆ ಮೇಲೆ ಚೆಲ್ಲಿದ ನೀರು ಮತ್ತೆ ಗಾಜಿನಂತೆ ಹೆಪ್ಪುಗಟ್ಟುವ ರಗಳೆಯೂ ಕಡಿಮೆ. ಇದು ಸುಳ್ಳಲ್ಲ. ಸ್ಟೀಮರ್ ಅನ್ನುವ ಮಷೀನ್ ಹುಟ್ಟಿರುವುದೇ ಈ ಕಾರಣಕ್ಕೆ.

ನಾನು ಬಂದ ಮೊದಲ ಚಳಿಗಾಲ. ಮೆಕ್ಯಾನಿಕಲ್ ಡಿಗ್ರಿ ಇಲ್ಲಿ ನಡೆಯುವುದಿಲ್ಲ ಅಂತ ಗೊತ್ತಾಗಿ, ರಸ್ತೆ ರಿಪೇರಿ ಮಾಡುವ ಒಬ್ಬ ಸಣ್ಣ ಗುತ್ತಿಗೆದಾರನ ಹತ್ತಿರ ರಿಪೇರಿ ಕೆಲಸಕ್ಕೆ ಸೇರಿದ್ದೆ. ಮಾಲೀಕ ಕೆಟ್ಟವನಲ್ಲ. ಸ್ಟೀಮರ್ ಬಾಡಿಗೆಯ ಬಿಲ್ಲು ನೋಡಿ ಒಂದು ದಿನ ಗೊಣಗಿದ, ಅಷ್ಟೇ. ‘ನಾನು ಮಾಡಿಕೊಡ್ತೀನಿ’ ಅಂದವನು ನಾನು. ಯಾರೂ ಕೇಳಿರಲಿಲ್ಲ. ನಾನು ಬರೀ ನಟ್ಟು ಬಿಗಿಯುವವನಲ್ಲ, ಇಂಜಿನಿಯರು ಅಂತ ತೋರಿಸಬೇಕಿತ್ತು. ಈ ಚಟ ನಮ್ಮಲ್ಲಿ ಎಷ್ಟು ಜನಕ್ಕಿದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಲೆಕ್ಕ ಸರಳ. ಬರ್ನರ್ ಅಷ್ಟೇ ಇರಲಿ, ನೀರನ್ನು ನಿಮಿಷಕ್ಕೆ 15 ಲೀಟರಿನಿಂದ 2 ಲೀಟರಿಗೆ ಇಳಿಸಿದರೆ ಎಲ್ಲ ಉಗಿಯಾಗುತ್ತದೆ. ಇಳಿಸಿದೆ. ಬರ್ನರ್ ಹೊತ್ತಲೇ ಇಲ್ಲ. ಯಾಕೆಂದರೆ ಅಷ್ಟು ಕಡಿಮೆ ನೀರಿಗೆ ಫ್ಲೋ ಸ್ವಿಚ್ಚು ‘ನೀರೇ ಹರಿಯುತ್ತಿಲ್ಲ’ ಅಂದುಕೊಂಡು ಬೆಂಕಿಗೆ ಅನುಮತಿ ಕೊಡುತ್ತಿಲ್ಲ. ಆಗ ನಾನು ಮಾಡಿದ ಕೆಲಸವೇ ಈ ಬರಹದ ತಲೆಬರಹ. ಅರ್ಧ ಅಡಿ ತಂತಿ ತೆಗೆದುಕೊಂಡು ಆ ಸ್ವಿಚ್ಚಿನ ಎರಡು ತುದಿ ಸೇರಿಸಿಬಿಟ್ಟೆ. ಬರ್ನರ್ ಗುಡುಗಿತು. ಆಮೇಲೆ ಥರ್ಮೋಸ್ಟಾಟ್ ಕಿರಿಕಿರಿ ಮಾಡಿತು, ಅದರ ಜಾಗಕ್ಕೆ ಇನ್ನೂ ಹೆಚ್ಚು ಡಿಗ್ರಿಯದನ್ನು ಹಾಕಿದೆ. ರಿಲೀಫ್ ವಾಲ್ವ್ ಮುಟ್ಟಲಿಲ್ಲ. ‘ಸೇಫ್ಟಿ ಹಾಗೇ ಇದೆ’ ಅಂತ ಮನಸ್ಸಿಗೆ ಸಮಾಧಾನ ಮಾಡಿಕೊಂಡೆ.

ಆ ರಾತ್ರಿ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. ಅಪ್ಪ ಗಂಗಾವತಿ ಕಡೆ ರೈಸ್ ಮಿಲ್ಲೊಂದರಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದವರು. ಭತ್ತ ಕುದಿಸುವ ಉಗಿಯ ಜೊತೆ ಇಪ್ಪತ್ತೆಂಟು ವರ್ಷ ಬಾಳಿದವರು, ಸರ್ಟಿಫಿಕೇಟ್ ಇದ್ದವರು. ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ.

“ಸೇಫ್ಟಿ ವಾಲ್ವ್ ಎಷ್ಟು ಪೌಂಡಿಗೆ ಹಾರತೈತಿ?”

“3000 ಪೌಂಡಿಗೆ ಅಪ್ಪಾಜಿ” ಅಂದೆ.

“ಹುಚ್ಚಪ್ಪಾ, ಅದು ತಣ್ಣೀರಿನ ವಾಲ್ವ್. ಉಗಿ ವಾಲ್ವ್ ಎಲ್ಲೈತಿ?”

“ಇದು ಬಾಯ್ಲರ್ ಅಲ್ಲಪ್ಪಾ, ಪ್ರೆಶರ್ ವಾಷರ್.”

“ಉಗಿ ಬರತೈತಿ ಅಂದಮ್ಯಾಗ ಬಾಯ್ಲರ್ ಅಲ್ದ ಮತ್ತೇನಲೇ ಅದು?”

ನೆಟ್‌ವರ್ಕ್ ಸರಿಯಿಲ್ಲ ಅಂತ ಕಾಲ್ ಕಟ್ ಮಾಡಿದೆ. ನೆಟ್‌ವರ್ಕ್ ಸರಿಯಾಗೇ ಇತ್ತು.

ಹತ್ತು ದಿನ ಮಷೀನು ಚೆನ್ನಾಗಿ ನಡೆಯಿತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ವಿಡಿಯೋದಲ್ಲೂ ಅದು ಚೆನ್ನಾಗಿಯೇ ನಡೆಯುತ್ತಿದೆ. ಕೆಡುವ ಮುಂಚಿನ ಜುಗಾಡೆಲ್ಲ ಯಶಸ್ವಿ ಜುಗಾಡೇ. ಹನ್ನೊಂದನೇ ದಿನ ಒಂದು ಮೋರಿಯೊಳಗೆ ಪೈಪಿನ ತುದಿ ಕೆಸರು-ಐಸಿನಲ್ಲಿ ಸಿಕ್ಕಿಕೊಂಡು ಕಟ್ಟಿಕೊಂಡಿತು. ಪಂಪಿನಲ್ಲಿ ಅನ್‌ಲೋಡರ್ ಅಂತ ಒಂದು ಭಾಗವಿದೆ. ಮುಂದೆ ದಾರಿ ಮುಚ್ಚಿದರೆ ಅದು ನೀರನ್ನು ಪಂಪಿಗೇ ತಿರುಗಿಸುತ್ತದೆ. ಅದು ತನ್ನ ಕೆಲಸ ಮಾಡಿತು. ಅಂದರೆ ಕಾಯಿಲಿನಲ್ಲಿ ನೀರು ನಿಂತಿತು. ನೀರು ನಿಂತಾಗ ಬೆಂಕಿ ಆರಬೇಕು. ಆರಿಸಬೇಕಾದ ಸ್ವಿಚ್ಚಿನ ಬಾಯಿಗೆ ನಾನು ತಂತಿ ತುರುಕಿದ್ದೆ. ಥರ್ಮೋಸ್ಟಾಟ್ ಕೂತಿರುವುದು ಕಾಯಿಲಿನ ಹೊರಬಾಯಿಯಲ್ಲಿ. ಹರಿಯದ ನೀರಿನ ಬಿಸಿ ಅಲ್ಲಿಗೆ ಬೇಗ ತಲುಪುವುದೇ ಇಲ್ಲ.

ಮುಚ್ಚಿದ ಪೈಪಿನಲ್ಲಿ ನೀರು 200 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಸುಮಾರು 15 ಬಾರ್, ಅಂದರೆ ಇನ್ನೂರು ಚಿಲ್ಲರೆ ಪೌಂಡು. ನನ್ನ 3000 ಪೌಂಡಿನ ವಾಲ್ವಿಗೆ ಅದು ಸೊಳ್ಳೆ ಕಚ್ಚಿದ ಹಾಗೆ, ಅದು ಮಿಸುಕಲೂ ಇಲ್ಲ. ಅಪ್ಪ ಫೋನಿನಲ್ಲಿ ಹೇಳಿದ್ದು ಇದೇ. ಮಿಲ್ಲಿನ ಬಾಯ್ಲರಿನ ವಾಲ್ವ್ 150ಕ್ಕೆ ಹಾರುತ್ತದೆ, ಯಾಕೆಂದರೆ ಅದು ಉಗಿಗಾಗಿ ಕೂರಿಸಿದ್ದು. ಅತ್ತ ನನ್ನ ಹೋಸಿನ ಮೇಲೆ ‘121 ಡಿಗ್ರಿವರೆಗೆ’ ಅಂತ ಅಚ್ಚಾಗಿತ್ತು. ಸಾವಿರಾರು ಪೌಂಡು ತಣ್ಣೀರು ತಡೆಯುವ ರಬ್ಬರು, ಮೆತ್ತಗಾದ ಮೇಲೆ ಇನ್ನೂರನ್ನೂ ತಡೆಯಲಿಲ್ಲ. ಜೋಡಣೆಯ ಹತ್ತಿರ ಹರಿಯಿತು.

ಪೈಪು ಹಿಡಿದಿದ್ದವನು ಫಿಲಿಪೀನ್ಸಿನ ಹುಡುಗ. ವಯಸ್ಸು 24. ಎಡಗೈ, ತೊಡೆ. ಚಳಿಗೆ ಹಾಕಿಕೊಂಡ ದಪ್ಪ ಕವರಾಲು ಬಿಸಿನೀರನ್ನು ಹೀರಿಕೊಂಡು ಮೈಗೇ ಹಿಡಿದಿಟ್ಟಿತು. ಮೈನಸ್ 22ರಲ್ಲಿ ಅದನ್ನು ಕತ್ತರಿಸಿ ತೆಗೆಯುವಷ್ಟರಲ್ಲಿ ಚರ್ಮ ಬಟ್ಟೆಯ ಜೊತೆಗೇ ಬಂತು. ಆರು ವಾರ ಆಸ್ಪತ್ರೆ, ಎರಡು ಸಲ ಚರ್ಮದ ಕಸಿ. ಇವತ್ತಿಗೂ ಅವನ ಎಡಗೈನ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಸುಮ್ಮನೆ ಕೂತು ಓದುತ್ತಿರುವ ನಿಮಗೆ ಇಷ್ಟು ಸಾಕು.

ಈಗ ವಾದಕ್ಕೆ ಬರೋಣ. ‘ನೀನು ಸರಿಯಾಗಿ ಮಾಡಲಿಲ್ಲ, ಉಗಿ ಹೋಸ್ ಹಾಕಿದ್ದರೆ, ಚಿಕ್ಕ ವಾಲ್ವ್ ಹಾಕಿದ್ದರೆ ಏನೂ ಆಗ್ತಿರಲಿಲ್ಲ’ ಅನ್ನುವವರಿದ್ದಾರೆ. ಹಾಕಿ. ಉಗಿ ಹೋಸ್ ಹಾಕಿ, ಉಗಿಯ ವಾಲ್ವ್ ಹಾಕಿ, ಕಡಿಮೆ ಹರಿವಿನ ಪಂಪು ಹಾಕಿ, ಆ ಹರಿವನ್ನು ಗುರುತಿಸುವ ಸ್ವಿಚ್ಚು ಹಾಕಿ, ಗಡಸು ನೀರಿನ ಸುಣ್ಣ ಕಟ್ಟದಂಥ ಕಾಯಿಲ್ ಹಾಕಿ. ಎಲ್ಲ ಹಾಕಿದ ಮೇಲೆ ನೋಡಿ, ನೀವು ಒಂದು ಸ್ಟೀಮರ್ ಕೊಂಡಿರುತ್ತೀರಿ, ಬಿಡಿಬಿಡಿಯಾಗಿ, ಹೆಚ್ಚು ದುಡ್ಡಿಗೆ, ಯಾರ ಪರೀಕ್ಷೆಯೂ ಇಲ್ಲದೆ. ಕಾರ್ಖಾನೆಯವರೇ ‘ಸ್ಟೀಮ್ ಹಂತ’ ಇಟ್ಟು ಮಾರುವ ವಾಷರುಗಳೂ ಇವೆ, 150 ಡಿಗ್ರಿಯ ತನಕ ಹೋಗುತ್ತವೆ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರಲ್ಲೂ ನಳಿಗೆಯಿಂದ ಬರುವುದು ಹತ್ತರಲ್ಲಿ ಒಂದು ಪಾಲು ಉಗಿ, ಒಂಬತ್ತು ಪಾಲು ಕುದಿನೀರು. ಬಿಳಿ ಮೋಡ ನೋಡಿ ಮೋಸ ಹೋಗಬೇಡಿ.

ಇನ್ನೊಂದು ಸಂಗತಿ. ಇದು ಆ ಹತ್ತು ದಿನವೂ ನನಗೆ ಹೊಳೆದಿರಲಿಲ್ಲ ಅಂತ ನಾಚಿಕೆಯಾಗುತ್ತದೆ. ಬರ್ನರ್ ಒಂದೇ. ಅದು ಕೊಡುವ ಶಾಖವೂ ಒಂದೇ. 15 ಲೀಟರ್ ಬಿಸಿನೀರಾಗಿ ಕೊಟ್ಟರೂ 2 ಲೀಟರಿನ ಉಗಿಯಾಗಿ ಕೊಟ್ಟರೂ ಅದೇ 92 ಕಿಲೋವ್ಯಾಟ್. ಲೆಕ್ಕ ಹಾಕಿ ನೋಡಿ, ಎರಡರಲ್ಲೂ ನಿಮಿಷಕ್ಕೆ ಹೆಚ್ಚೆಂದರೆ 17 ಕೆಜಿ ಐಸು ಕರಗುತ್ತದೆ. ಉಗಿ ಮಾಡಿದ್ದರಿಂದ ಐಸು ಬೇಗ ಕರಗಲಿಲ್ಲ. ಉಳಿದದ್ದು ನೀರು ಮಾತ್ರ. ಮೂರು ಕಾವಲುಗಾರರನ್ನು ಕೊಂದು ನಾನು ಸಂಪಾದಿಸಿದ್ದು ಒಂದು ಟ್ಯಾಂಕ್ ನೀರು. ಹಳ್ಳದ ಪಕ್ಕದಲ್ಲೇ ನಿಂತುಕೊಂಡು!

ಅದೂ ಬೇಕಿತ್ತಾ? 60 ಸೆಂಟಿಮೀಟರ್ ಅಗಲದ, 12 ಮೀಟರ್ ಉದ್ದದ ಮೋರಿ ಪೂರ್ತಿ ಕಟ್ಟಿಕೊಂಡಿದ್ದರೆ ಅದರಲ್ಲಿ ಮೂರು ಟನ್ನು ಐಸಿರುತ್ತದೆ. ಅದನ್ನೆಲ್ಲ ಕರಗಿಸಬೇಕು ಅಂದುಕೊಂಡಾಗ ಉಗಿಯ ಆಸೆ ಹುಟ್ಟುತ್ತದೆ. ಆದರೆ ಈ ಕೆಲಸ ಗೊತ್ತಿರುವ ಯಾರೂ ಅದನ್ನೆಲ್ಲ ಕರಗಿಸುವುದಿಲ್ಲ. ಈ ತುದಿಯಿಂದ ಆ ತುದಿಗೆ 10 ಸೆಂಟಿಮೀಟರಿನ ಒಂದು ತೂತು ಕೊರೆದರೆ ಸಾಕು, ಮೇಲೆ ನಿಂತ ನೀರು ಹರಿಯಲು ಶುರುವಾಗಿ ತೂತನ್ನು ತಾನೇ ದೊಡ್ಡದು ಮಾಡಿಕೊಳ್ಳುತ್ತದೆ. ಆ ತೂತಿನಲ್ಲಿರುವುದು 90 ಕೆಜಿಗಿಂತ ಕಡಿಮೆ ಐಸು. ಲೆಕ್ಕದಲ್ಲಿ ಐದಾರು ನಿಮಿಷದ ಮಾತು. ಶಾಖ ಬಹುಪಾಲು ನೀರಿನ ಜೊತೆ ಹೊರಗೆ ಹರಿದು ಹೋಗುತ್ತದೆ, ಹತ್ತು ಪಟ್ಟು ಹಿಡಿಯಿರಿ, ಒಂದು ಗಂಟೆ. ಒಂದು ಗಂಟೆಗೆ ಒಂದು ಟ್ಯಾಂಕ್ ಬಿಸಿನೀರು. ಚರಂಡಿ ತೊಳೆಯುವವರು ಬಳಸುವ ಒಂದು ನಳಿಗೆಯಿದೆ, ಮುಂದಕ್ಕೊಂದು ಕಿಂಡಿ, ಹಿಂದಕ್ಕೆ ಮೂರ್ನಾಲ್ಕು. ಹಿಂದಿನ ಚಿಮ್ಮಿನಿಂದ ಅದು ತಾನೇ ಹೋಸನ್ನು ಎಳೆದುಕೊಂಡು ಮುಂದೆ ಹೋಗುತ್ತದೆ. ಮಷೀನಿನ ಒಂದು ತಂತಿಯನ್ನೂ ಮುಟ್ಟದೆ, ಕಂಪನಿ ಕೊಟ್ಟ 90 ಡಿಗ್ರಿಯಲ್ಲೇ ಈ ಕೆಲಸ ಮುಗಿಯುತ್ತದೆ. ಅಲಾಸ್ಕಾ ಕಡೆ ಇನ್ನೂ ಜಾಣರು, ಬೇಸಿಗೆಯಲ್ಲೇ ಮೋರಿಯೊಳಗೆ ಒಂದು ತೆಳು ಪೈಪು ಕಟ್ಟಿಟ್ಟಿರುತ್ತಾರೆ, ಕಟ್ಟಿಕೊಂಡಾಗ ಅದರ ಮೂಲಕ ಶಾಖ ಬಿಟ್ಟರಾಯಿತು. ಜುಗಾಡಿಗೆ ಕೈ ಹಾಕುವವನಿಗೆ ಇಷ್ಟು ಹಿಂದೆಯೇ ಯೋಚಿಸುವ ತಾಳ್ಮೆ ಇರುವುದಿಲ್ಲ.

ಚಿನ್ನದ ಗಣಿಯವರ ಕತೆಯೂ ಇದೇ. 1890ರ ದಶಕದ ಕೊನೆಯಲ್ಲಿ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಾಗ ಅಲ್ಲಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿದ ನೆಲ. ಮೊದಲು ಸೌದೆ ಉರಿಸಿ ಕರಗಿಸಿದರು. ಆಮೇಲೆ ಬಾಯ್ಲರ್ ತಂದು, ಟೊಳ್ಳು ಉಕ್ಕಿನ ಸಲಾಕೆಗಳನ್ನು ನೆಲಕ್ಕೆ ಹೊಡೆದು ಉಗಿ ಬಿಟ್ಟರು. ಆಮೇಲೆ? ದೊಡ್ಡ ದೊಡ್ಡ ಕಂಪನಿಗಳು ಬಂದು ಲೆಕ್ಕ ಹಾಕಿದಾಗ ಉಗಿಯನ್ನೇ ಕೈಬಿಟ್ಟು ಅದೇ ಸಲಾಕೆಗಳಲ್ಲಿ ಹೊಳೆಯ ತಣ್ಣೀರು ಹರಿಸಿದವು. ಹೌದು, ತಣ್ಣೀರು. ನಿಧಾನ, ಆದರೆ ಸೌದೆ ಬೇಡ, ಬಾಯ್ಲರ್ ಬೇಡ. ಹೆಪ್ಪುಗಟ್ಟಿದ ನೆಲಕ್ಕೆ ಹೊಳೆಯ ನೀರೇ ಬಿಸಿ. ಉಗಿಯೇ ಬೇಕು ಅನ್ನುವುದು ಎಷ್ಟೋ ಸಲ ಐಸಿನ ಬೇಡಿಕೆಯಲ್ಲ, ಗಂಡಸರ ಬೇಡಿಕೆ.

ಕಾನೂನಿನ ಮಾತು ಬಂದರೆ ಜುಗಾಡ್ ಭಕ್ತರು ನಗುತ್ತಾರೆ. ‘ಇಷ್ಟು ಚಿಕ್ಕದಕ್ಕೆ ಯಾವ ರೂಲು?’ ಸರಿ, ಒಪ್ಪುತ್ತೇನೆ. ಭಾರತದಲ್ಲಿ 1923ರ ಬಾಯ್ಲರ್ ಕಾಯ್ದೆಯಾಗಲಿ, 2025ರ ಹೊಸ ಕಾಯ್ದೆಯಾಗಲಿ, 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಗೆ ಅನ್ವಯಿಸುವುದಿಲ್ಲ. ನನ್ನ ಕಾಯಿಲಿನಲ್ಲಿದ್ದದ್ದು ಸುಮಾರು ಆರು ಲೀಟರ್. ಅದು ಕಟ್ಟಡ ಉರುಳಿಸುವುದಿಲ್ಲ, ನಿಜ. ಆದರೆ 200 ಡಿಗ್ರಿಯ ಆರು ಲೀಟರ್ ನೀರು ಹೊರಗೆ ಚಿಮ್ಮಿದರೆ ಅದರಲ್ಲಿ ಸುಮಾರು ಒಂದು ಲೀಟರ್ ಅಲ್ಲೇ ಉಗಿಯಾಗಿ 1,600 ಪಟ್ಟು ಹಿಗ್ಗುತ್ತದೆ, ಮಿಕ್ಕದ್ದು ಕುದಿನೀರಾಗಿ ಮೈಮೇಲೆ ಬೀಳುತ್ತದೆ. ಒಬ್ಬ ಮನುಷ್ಯನಿಗೆ 25 ಲೀಟರ್ ಬೇಕಿಲ್ಲ. ಕಾಯ್ದೆಯ ಗೆರೆ ಇನ್‌ಸ್ಪೆಕ್ಟರು ಎಲ್ಲಿಂದ ಬರುತ್ತಾನೆ ಅಂತ ಹೇಳುತ್ತದೆ, ಉಗಿ ಎಲ್ಲಿಂದ ಸುಡುತ್ತದೆ ಅಂತಲ್ಲ.

ಆ ರೂಲುಗಳು ಕೂಡ ಯಾರೋ ಗುಮಾಸ್ತ ಬೇಜಾರಿಗೆ ಬರೆದದ್ದಲ್ಲ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜನ ಸತ್ತ ಮೇಲೆ, ಮರುವರ್ಷ ಬಂಗಾಳದಲ್ಲಿ ನಮ್ಮ ದೇಶದ ಮೊದಲ ಬಾಯ್ಲರ್ ತಪಾಸಣೆಯ ಕಾನೂನು ಬಂತು. 1905ರ ಮಾರ್ಚ್ 20ರಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಊರಿನ ಶೂ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಜನ ಸತ್ತರು. ಅವತ್ತು ಓಡುತ್ತಿದ್ದದ್ದು ಹೊಸ ಬಾಯ್ಲರಲ್ಲ, ಅದರ ಬದಲಿಗೆ ಹೊತ್ತಿಸಿದ್ದ ಹಳೇ ಬಾಯ್ಲರು. ‘ಇದ್ದದ್ದರಲ್ಲೇ ಹೊಂದಿಸಿಕೊಳ್ಳೋಣ’ ಅನ್ನುವುದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅದಾದ ಎರಡು ವರ್ಷಕ್ಕೆ ಆ ರಾಜ್ಯದಲ್ಲಿ ಬಾಯ್ಲರ್ ನಿಯಮ ಬಂತು, ಅದರ ಬೆನ್ನಿಗೆ 1914ರ ಆವೃತ್ತಿಯಾಗಿ ಇವತ್ತು ಜಗತ್ತೇ ಅನುಸರಿಸುವ ಅಮೆರಿಕನ್ ಮೆಕ್ಯಾನಿಕಲ್ ಇಂಜಿನಿಯರುಗಳ ಬಾಯ್ಲರ್ ಕೋಡ್ ಬಂತು. ಕಾಲೇಜಿನಲ್ಲಿ ಆ ಕೋಡಿನ ಹೆಸರು ಬಾಯಿಪಾಠ ಮಾಡಿ ಎರಡು ಮಾರ್ಕು ತೆಗೆದುಕೊಂಡಿದ್ದೆ. ಅದರ ಹಿಂದೆ 58 ಹೆಣ ಇದೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ಬಡ ದೇಶದ ಹುಡುಗರು ನಾವು, ಹೊಂದಿಸಿಕೊಳ್ಳದೆ ಬದುಕೋಕೆ ಆಗುತ್ತಾ ಅಂತ ಕೇಳಬಹುದು. ಜುಗಾಡೆಲ್ಲ ಪಾಪ ಅಂತ ನಾನು ಹೇಳುತ್ತಿಲ್ಲ. ಹರಿದ ಚಪ್ಪಲಿಗೆ ಪಿನ್ನು ಹಾಕಿದವನೂ ನಾನೇ. ಪಿನ್ನು ಬಿಚ್ಚಿಕೊಂಡರೆ ಬರಿಗಾಲಲ್ಲಿ ನಡೆಯುತ್ತೇನೆ, ಅದು ನನ್ನ ಕಾಲು. ಹಳೇ ಸೀರೆ ಕೌದಿಯಾಗುವುದು, ಬೈಕಿನ ಇಂಜಿನ್ನು ಎಣ್ಣೆ ಗಾಣ ತಿರುಗಿಸುವುದು, ಇವೆಲ್ಲ ನಮ್ಮ ಹೆಮ್ಮೆಯೇ. ಆದರೆ ನಮ್ಮಮ್ಮ ಅಡುಗೆಮನೆಯಲ್ಲಿ ಎಲ್ಲದಕ್ಕೂ ಬದಲಿ ಹುಡುಕುತ್ತಿದ್ದವಳು, ಕುಕ್ಕರಿನ ಸೇಫ್ಟಿ ವಾಲ್ವ್ ಕರಗಿದಾಗ ಮಾತ್ರ ಅಂಗಡಿಯಿಂದ ಹೊಸದು ಬರುವ ತನಕ ಅನ್ನವನ್ನು ತಪ್ಪಲೆಯಲ್ಲಿ ಬಸಿದಳು. ಹುಣಸೆಹಣ್ಣು ಮೆತ್ತಿ ಮುಚ್ಚಲಿಲ್ಲ. ಯಾವುದರಲ್ಲಿ ಹೊಂದಿಸಿಕೊಳ್ಳಬೇಕು, ಯಾವುದರಲ್ಲಿ ಕೂಡದು ಅನ್ನುವ ವಿವೇಕ ಅಮ್ಮನಿಗೆ ಡಿಗ್ರಿ ಇಲ್ಲದೆ ಬಂದಿತ್ತು. ಡಿಗ್ರಿ ಇದ್ದ ನನಗೆ ಬರಲಿಲ್ಲ.

ನನ್ನ ಮಟ್ಟಿಗೆ ಪರೀಕ್ಷೆ ಇಷ್ಟೇ: ಇದು ಕೆಟ್ಟಾಗ ಪಕ್ಕದಲ್ಲಿ ಯಾರು ನಿಂತಿರುತ್ತಾರೆ? ವಿಡಿಯೋ ಮಾಡಿದವನಾ, ಫಾರ್ವರ್ಡ್ ಮಾಡಿದವನಾ, ಬಾಡಿಗೆ ಉಳಿಸಿದವನಾ? ಮೂವರೂ ಅಲ್ಲ. ಪೈಪು ಹಿಡಿದವನು. ಅವನು ಯಾವಾಗಲೂ ಎಲ್ಲರಿಗಿಂತ ಕಡಿಮೆ ಸಂಬಳದವನು, ಎಲ್ಲರಿಗಿಂತ ತಡವಾಗಿ ಬಂದವನು, ‘ಆಗಲ್ಲ’ ಅನ್ನೋಕೆ ಎಲ್ಲರಿಗಿಂತ ಹೆದರುವವನು. ನಮ್ಮ ಹುಡುಗನ ವರ್ಕ್ ಪರ್ಮಿಟ್ ಒಬ್ಬನೇ ಮಾಲೀಕನಿಗೆ ಅಂಟಿದ್ದು. ಕೆಲಸ ಹೋದರೆ ದೇಶವೇ ಹೋದಂತೆ. ಅದಕ್ಕೇ ಆಸ್ಪತ್ರೆಯಲ್ಲಿ ಮೊದಲ ದಿನ ಅವನು ಹೇಳಿದ್ದು ‘ಕಾಲು ಜಾರಿ ಬಿದ್ದೆ’ ಅಂತ. ಸುಟ್ಟ ಮೈಯಲ್ಲಿ ಮಲಗಿಕೊಂಡು ನನ್ನನ್ನು, ಮಾಲೀಕನನ್ನು, ಆ ದರಿದ್ರ ಮಷೀನನ್ನು ಕಾಪಾಡುತ್ತಿದ್ದ. ಎರಡನೇ ದಿನ ನಾನೇ ಹೋಗಿ ತಂತಿಯ ವಿಷಯ ಹೇಳಿದೆ, ಬರೆದುಕೊಟ್ಟೆ. ನನ್ನ ಕೆಲಸ ಹೋಯಿತು. ಅವನಿಗೆ ಪರಿಹಾರ ಬಂತು. ಇದನ್ನು ದೊಡ್ಡ ತ್ಯಾಗ ಅಂತ ಯಾರೂ ತಿಳಿಯಬೇಡಿ. ಒಂದು ದಿನ ತಡವಾಗಿ ಹೇಳಿದ್ದೇನೆ, ಆ ಒಂದು ದಿನ ಏನು ಯೋಚಿಸುತ್ತಿದ್ದೆ ಅಂತ ನನಗೆ ಗೊತ್ತು.

ಇಲ್ಲಿಗೆ ಹೊಸದಾಗಿ ಬಂದಿರುವ ನಮ್ಮವರಿಗೆ, ಮುಖ್ಯವಾಗಿ ಆ ಭಾಮೈದನಂಥವರಿಗೆ, ಎರಡು ಮಾತು. ಆಲ್ಬರ್ಟಾದಲ್ಲಿ ಅಪಾಯದ ಕೆಲಸ ಮಾಡಲ್ಲ ಅನ್ನುವ ಹಕ್ಕು ಕಾನೂನಿನಲ್ಲೇ ಇದೆ. ಹಾಗೆ ಹೇಳಿದ್ದಕ್ಕೆ ಶಿಕ್ಷಿಸುವಂತಿಲ್ಲ. ಒಬ್ಬನೇ ಮಾಲೀಕನಿಗೆ ಅಂಟಿದ ಪರ್ಮಿಟ್ಟಿನವರು ದೌರ್ಜನ್ಯಕ್ಕೆ ಸಿಕ್ಕರೆ ಬೇರೆ ಕಡೆ ಕೆಲಸ ಮಾಡಲು ಮುಕ್ತ ಪರ್ಮಿಟ್ ಕೇಳುವ ದಾರಿಯನ್ನು 2019ರಲ್ಲಿ ಕೆನಡಾ ಸರ್ಕಾರ ತೆರೆದಿದೆ. ಹಕ್ಕು ಕಾಗದದಲ್ಲಿದ್ದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ, ನಿಜ. ಅದಕ್ಕೇ ಇನ್ನೊಬ್ಬ ಪಕ್ಕದಲ್ಲಿ ನಿಂತು ‘ನಾನೂ ಮಾಡಲ್ಲ’ ಅನ್ನಬೇಕಾಗುತ್ತದೆ. ಇಂಜಿನಿಯರ್ ಅನ್ನಿಸಿಕೊಂಡವನು ಮೊದಲು ಅನ್ನಬೇಕು.

ಗುಂಪಿನವರಿಗೂ ಹೇಳುತ್ತೇನೆ. ಆ ವಿಡಿಯೋ ಅಳಿಸಿ ಅಂತ ಕೇಳಲ್ಲ, ಅಳಿಸಿದರೆ ಇನ್ನೊಂದು ಬರುತ್ತದೆ. ಮುಂದಿನ ಸಲ ಇಂಥದ್ದು ಬಂದಾಗ ಚಪ್ಪಾಳೆ ಒತ್ತುವ ಮುಂಚೆ ನಮ್ಮಪ್ಪ ಕೇಳಿದ ಪ್ರಶ್ನೆಯನ್ನು ಕೇಳಿ: ವಾಲ್ವ್ ಎಲ್ಲಿದೆ, ಎಷ್ಟಕ್ಕೆ ಹಾರುತ್ತದೆ? ಉತ್ತರ ವಿಡಿಯೋದಲ್ಲಿ ಇಲ್ಲದಿದ್ದರೆ ಅದು ಸಾಧನೆಯ ವಿಡಿಯೋ ಅಲ್ಲ, ಕೆಡುವುದಕ್ಕೆ ಮುಂಚಿನ ಹತ್ತು ದಿನದ ವಿಡಿಯೋ.

ಡ್ರಾಯಿಂಗ್ ಕೇಳಿದ ಗೆಳೆಯನಿಗೆ: ಕೊಡಲ್ಲ. ಹರಿದು ಹಾಕಿದ್ದೇನೆ. ಕ್ಯಾಲ್ಗರಿಯಲ್ಲಿ ಸ್ಟೀಮರ್ ಬಾಡಿಗೆಗೆ ಕೊಡುವ ಅಂಗಡಿಯ ವಿಳಾಸ ಬೇಕಾದರೆ ನಿನ್ನ ಭಾಮೈದನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಮೊದಲ ದಿನದ ಬಾಡಿಗೆ ದುಬಾರಿ ಅನ್ನಿಸಿದರೆ ಅದನ್ನೂ ನಾನೇ ಕೊಡುತ್ತೇನೆ.